ಕುತ್ತಿಗೆಯ ಮೇಲಿನ ಇದ್ದಿಲು

ಮನೆಯಿಂದ,
ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ

ಪ್ರೀತಿಯ ಗುಂಗುರೂ,

ಹೀಗೆ ಕರೀಬಾರದಂತೆ. ಭಂತೇ ಅಂತ ಬರೀಬೇಕಂತೆ. ಅಮ್ಮ ಎದುರಿಗೇ ಬಟಾಣಿ ಸುಲೀತಾ ಕೂತಿದ್ದಾಳೆ, ಕಣ್ಣು ಮಾತ್ರ ನನ್ನ ಕಾಗದದ ಮೇಲೇ ಇದೆ. ಚೀವರ ಉಟ್ಟ ಭಿಕ್ಕುಗಳನ್ನು ಮನೆಯ ಅಡ್ಡಹೆಸರಲ್ಲಿ ಕರೆದರೆ ಪಾಪ ಸುತ್ತಿಕೊಳ್ಳುತ್ತೆ ಅಂತಾಳೆ. ಸುತ್ತಿಕೊಳ್ಳಲಿ ಬಿಡು, ನನಗೆ ತಾನೇ. ಎರಡು ಹಾಳೆ ತಗೊಂಡು ಭಂತೇ ಅಂತ ಬರೆದು ನೋಡಿದೆ, ಎರಡನ್ನೂ ಹರಿದು ಹಾಕಿದೆ. ನಿನ್ನ ಮೂಗು ಒರೆಸಿದ ಕೈ ಇದು, ಅದಕ್ಕೆ ಅಷ್ಟು ದೊಡ್ಡ ಮಾತು ಒಗ್ಗಲ್ಲ. ತಲೆಯಲ್ಲಿ ಒಂದು ಕೂದಲಿಲ್ಲದವನನ್ನು ಗುಂಗುರು ಅಂತ ಕರೆಯೋದು ಅಲ್ಲಿನವರಿಗೆ ತಮಾಷೆ ಅನ್ನಿಸಿದರೆ, ಆ ಹೆಸರು ಇಟ್ಟವರು ಅಪ್ಪ ಅಂತ ಹೇಳು. ಮಗು ಹುಟ್ಟಿದ ತಕ್ಷಣ ಬೇರೆ ಅಪ್ಪಂದಿರು ಮುಖ ನೋಡಿದರೆ, ನಮ್ಮಪ್ಪ ಕೂದಲು ನೋಡಿದರಂತೆ.

ಮೊದಲು ನಿನ್ನ ಆರೋಗ್ಯ. ಮಂಡಿ ಹೇಗಿದೆ? ಗಂಟೆಗಟ್ಟಲೆ ಕಾಲು ಮಡಚಿ ಕೂತರೆ ಎದ್ದೇಳೋವಾಗ ಕಟಕಟ ಅನ್ನುತ್ತೆ ಅಂತ ಬರೆದಿದ್ದೆಯಲ್ಲ, ಎಣ್ಣೆ ಹಚ್ಚಿಕೊಳ್ಳೋಕಾದರೂ ಬಿಡ್ತಾರಾ? ಆ ಬೆಟ್ಟದ ಮೇಲೆ ರಾತ್ರಿ ಚಳಿ ಜಾಸ್ತಿ ಅಂತೆ, ಅಮ್ಮ ಕಳಿಸಿದ ಕಾಲುಚೀಲ ಹಾಕ್ಕೋತಿದೀಯಾ, ಅಥವಾ ಅದನ್ನೂ ಯಾವುದೋ ಹಿರಿಯ ಭಿಕ್ಕುಗೆ ದಾನ ಮಾಡಿ ಪುಣ್ಯ ಕಟ್ಟಿಕೊಂಡೆಯಾ? ಮಧ್ಯಾಹ್ನದ ಮೇಲೆ ಏನೂ ತಿನ್ನಬಾರದು ಅನ್ನೋ ನಿಮ್ಮ ನಿಯಮ ನಿನಗೇನೋ ಒಪ್ಪಿಗೆ, ನಿನ್ನ ಹೊಟ್ಟೆಯನ್ನು ಯಾರಾದರೂ ಕೇಳಿದ್ದಾರಾ? ಸಂಜೆ ಏನಾದರೂ ಬಾಯಿಗೆ ಬೀಳದಿದ್ದರೆ ಮನೆಯವರ ತಲೆ ತಿನ್ನುತ್ತಿದ್ದವನು ನೀನು. ಹೊಟ್ಟೆ ಉರಿ ಬಂದರೆ ಮುಚ್ಚಿಡಬೇಡ. ನಾವೆಲ್ಲ ಚೆನ್ನಾಗಿದ್ದೀವಿ. ಅಮ್ಮನಿಗೆ ಹಲ್ಲುನೋವು ಹೋಯ್ತು, ಹಲ್ಲೂ ಹೋಯ್ತು. ನಾನು ಬ್ಯಾನರ್ ಅಂಗಡಿಯಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಊರವರ ಮುಖದ ಮೊಡವೆ ಅಳಿಸೋದು ಹಾಗೇ ನಡೀತಿದೆ. ಅಪ್ಪ ಅಂಗಡಿಗೆ ಹೋಗ್ತಾರೆ, ಬರ್ತಾರೆ.

ಈಗ ಜಗಳಕ್ಕೆ ಬರೋಣ. ಹೋದ ಸಲ ನೀನು ಬರೆದ ಕಾಗದ ಓದಿ ನನಗೆ ಮೈಯೆಲ್ಲ ಉರಿದುಹೋಯ್ತು. ನಾನು ಏನು ಬರೆದಿದ್ದೆ? ಅಪ್ಪ ನಿನ್ನ ಹೆಸರು ಎತ್ತೋದೇ ಬಿಟ್ಟಿದ್ದಾರೆ, ಗುಂಗುರು ಅನ್ನೋ ಮಾತು ನೀನು ಹೋದಾಗಿನಿಂದ ಅವರ ಬಾಯಲ್ಲಿ ಬಂದಿಲ್ಲ, ಒಂದು ಸಲ ಬಂದು ಮುಖ ತೋರಿಸಿ ಹೋಗೋ ಅಂತ ಬರೆದಿದ್ದೆ. ನೀನು ಏನು ಉತ್ತರ ಕೊಟ್ಟೆ? ಎಲ್ಲವೂ ಅನಿತ್ಯ ಅಕ್ಕ, ಅಪ್ಪನ ಕೋಪವೂ ಅನಿತ್ಯ, ಅದು ಬಂದ ಹಾಗೇ ಹೋಗುತ್ತೆ, ನೀನು ತಾಳ್ಮೆಯಿಂದ ನೋಡ್ತಾ ಇರು ಅಂತ. ಅಬ್ಬಬ್ಬಾ! ಅಪ್ಪನ ಕೋಪ ಅನಿತ್ಯ ಅಂತ ಅಪ್ಪನಿಗೆ ಯಾರಾದರೂ ಹೇಳಿದ್ದಾರೇನೋ? ದಿನಾ ಬೆಳಿಗ್ಗೆ ಅದು ಅವರ ಜೊತೆಗೇ ಎದ್ದು, ಹಲ್ಲುಜ್ಜಿ, ಅಂಗಡಿಗೆ ಹೋಗುತ್ತೆ. ನೀನು ಬೆಟ್ಟದ ಮೇಲೆ ಕೂತು ಉಸಿರು ಎಣಿಸ್ತೀಯ, ಇಲ್ಲಿ ಊಟದ ತಟ್ಟೆ ಮುಂದೆ ಯಾರೂ ಉಸಿರು ಬಿಡೋ ಹಾಗಿಲ್ಲ. ಅಪ್ಪ ಮಾತಾಡಲ್ಲ, ನೀನು ಬರಲ್ಲ, ನಡುವೆ ನಾನೊಬ್ಬಳು ಸಿಕ್ಕಿಹಾಕಿಕೊಂಡು ಒದ್ದಾಡ್ತಿದೀನಿ.

ಅಪ್ಪನದೇ ಸರಿ ಅಂತ ನಾನು ಹೇಳ್ತಿಲ್ಲ. ಅಂಗಡಿಯ ಅರ್ಧ ಜಾಗ ನಿನಗೆ ಬಿಟ್ಟುಕೊಟ್ಟಿದ್ದರು, ಈ ಕಡೆ ಕಟಿಂಗು, ಆ ಕಡೆ ನಿನ್ನ ಮೊಬೈಲ್ ರಿಪೇರಿ. ಕೂದಲು ಹಾರಿ ಫೋನಿನೊಳಗೆ ಹೋಗುತ್ತೆ ಅಂತ ನೀನು, ಫೋನಿನ ಕಿರಿಕಿರಿಯಲ್ಲಿ ಗಿರಾಕಿ ತಲೆ ಅಲ್ಲಾಡಿಸ್ತಾನೆ ಅಂತ ಅವರು, ದಿನಾ ಕಿತ್ತಾಟ. ಆದರೂ ಸಂಜೆ ಇಬ್ಬರೂ ಒಂದೇ ಲೋಟದಲ್ಲಿ ಟೀ ಹಂಚಿಕೊಂಡು ಕುಡೀತಿದ್ದಿರಿ. ಒಂದು ದಿನ ನೀನು ಸ್ಕ್ರೂಡ್ರೈವರ್ ಕೆಳಗಿಟ್ಟು, ಎಲ್ಲರ ಫೋನೂ ಸರಿ ಮಾಡಿ ಕೊಡ್ತೀನಿ, ಯಾರ ಮುಖವೂ ಸರಿಯಾಗ್ತಿಲ್ಲ ಅಂದೆ. ನಾವು ನಕ್ಕೆವು. ನೀನು ನಗಲಿಲ್ಲ. ಆಮೇಲೆ ಭಿಕ್ಕು ಆಗ್ತೀನಿ ಅಂದೆ. ಅಪ್ಪ ಅದನ್ನೂ ಹೇಗೋ ನುಂಗಿಕೊಂಡಿದ್ದರು. ಅವರಿಗೆ ಗಂಟಲಲ್ಲಿ ಸಿಕ್ಕಿಹಾಕಿಕೊಂಡಿದ್ದು ದೀಕ್ಷೆ ಆದ ಮೇಲೆ ಅಪ್ಪ ಅಮ್ಮನೇ ಮಗನ ಕಾಲಿಗೆ ಬೀಳಬೇಕು ಅನ್ನೋ ಮಾತು. ಹೆತ್ತವಳು ಹೋಗಿ ಹೆತ್ತ ಮಗನ ಕಾಲಿಗೆ ಬೀಳೋದಾ ಅಂತ ಇಡೀ ಬೀದಿಗೆ ಕೇಳೋ ಹಾಗೆ ಕೂಗಿದ್ದರು, ನೆನಪಿದೆ ತಾನೇ?

ಅಷ್ಟು ಕೂಗಿದವರ ಎದುರಿಗೇ ಮಾರನೇ ದಿನ ಬೆಳಿಗ್ಗೆ ನೀನು ಅಂಗಡಿಗೆ ಹೋಗಿ ಕುರ್ಚಿ ಮೇಲೆ ಕೂತೆ. ವಿಹಾರದಲ್ಲೇ ತಲೆ ಬೋಳಿಸ್ತಾರೆ, ಆದರೆ ನನ್ನ ತಲೆಗೆ ಇಷ್ಟು ದಿನ ಬೇರೆಯವರ ಕೈ ತಾಗಿಲ್ಲ, ಇವತ್ತೂ ನೀವೇ ಮಾಡಿ ಅಂದೆ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಅಪ್ಪ ಬಟ್ಟೆ ಹೊದಿಸಿದರು. ಕತ್ತರಿಯಿಂದ ಗುಂಗುರನ್ನೆಲ್ಲ ಕತ್ತರಿಸಿದರು, ನೀರು ಹಚ್ಚಿದರು, ಕತ್ತಿ ತೆಗೆದರು. ಟೀವಿಯಲ್ಲಿ ಯಾವುದೋ ಫ್ರಿಜ್ಜಿನ ಜಾಹೀರಾತು ಕುಣೀತಿತ್ತು, ಬೆಂಚಿನ ಮೇಲೆ ಕೂತಿದ್ದವರು ಯಾರೂ ಫೋನಿನಿಂದ ತಲೆ ಎತ್ತಲಿಲ್ಲ. ಹುಬ್ಬು ತೆಗೆಯೋವಾಗ ಮಾತ್ರ ಅಪ್ಪ ಒಂದು ಗಳಿಗೆ ನಿಂತರು. ಅದೂ ಆಯ್ತು. ಕತ್ತಿಯನ್ನು ನೀರಿನ ಬಟ್ಟಲಿಗೆ ಹಾಕಿ ಹಿಂಬಾಗಿಲಿಂದ ಹೊರಟುಹೋದರು. ನೀನು ಕಾದೆ. ಆಮೇಲೆ ಬಟ್ಟೆ ನೀನೇ ಬಿಚ್ಚಿ ಮಡಿಸಿಟ್ಟು ಎದ್ದೆ. ವಿಹಾರದಲ್ಲಿ ಗುರುಗಳಿಗೆ ಬೇರೆ ಕಡೆ ಹೋಗೋ ಅವಸರ, ನಿನಗೆ ಸ್ನಾನಕ್ಕೂ ಹೊತ್ತಿರಲಿಲ್ಲ, ಹಾಗೇ ಚೀವರ ಉಡಿಸಿದರು. ಅಮ್ಮ ಕಾಲಿಗೆ ಬಿದ್ದಳು. ನಾನೂ ಬಿದ್ದೆ. ಏಳೋವಾಗ ನೋಡಿದೆ, ನಿನ್ನ ಕುತ್ತಿಗೆ ಮೇಲೆ ಕೂದಲಿನ ಚೂರು ಅಂಟಿಕೊಂಡು ಅಲ್ಲೆಲ್ಲ ಕೆಂಪಾಗಿತ್ತು. ಕೈ ತಾನಾಗಿ ಮುಂದೆ ಹೋಯ್ತು. ಅಮ್ಮ ಗಬಕ್ಕಂತ ನನ್ನ ಮಣಿಕಟ್ಟು ಹಿಡಿದಳು, ಇನ್ನು ಹೆಂಗಸರು ಮುಟ್ಟೋ ಹಾಗಿಲ್ಲ ಅಂತ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಯಾರ ಮೇಲೆ ಅಂತ ಮಾತ್ರ ಗೊತ್ತಿಲ್ಲ.

ನಿನ್ನ ಕಾಗದ ಬಂದ ವಾರವೇ ಇಲ್ಲಿನ ಚಿತ್ರಕಲಾ ಸಂಘದವರು ಒಂದು ಪ್ರದರ್ಶನ ಇಟ್ಟರು. ಬೌದ್ಧ ಪರಂಪರೆ ಮತ್ತು ಇಂದಿನ ಬದುಕು ಅಂತ ವಿಷಯ, ಬರೀ ಇದ್ದಿಲಲ್ಲೇ ಬರೀಬೇಕು ಅಂತ ನಿಯಮ. ನನಗೆ ಕೂತಲ್ಲೇ ಉಪಾಯ ಹೊಳೀತು. ನೀನು ಬರಲ್ಲ ಅಂದರೆ ನಿನ್ನನ್ನು ನಾನೇ ಹಾಳೆ ಮೇಲೆ ಕರೆಸ್ತೀನಿ, ಅಂಗಡಿಯ ಅದೇ ಕುರ್ಚಿ ಮೇಲೆ ಕೂರಿಸ್ತೀನಿ, ಅಪ್ಪನನ್ನು ಎದುರಿಗೆ ನಿಲ್ಲಿಸ್ತೀನಿ, ಆಗಲಾದರೂ ಬಾಯಿಂದ ಒಂದು ಮಾತು ಉದುರಲೇಬೇಕು ಅಂದುಕೊಂಡೆ. ಬೈಗುಳ ಆದರೂ ಸರಿ. ನನಗೆ ಪ್ರಶಸ್ತಿ ಗಿಶಸ್ತಿ ಬೇಕಾಗಿರಲಿಲ್ಲ ಕಣೋ, ಗುಂಗುರು ಅನ್ನೋ ಒಂದು ಮಾತು ಬೇಕಾಗಿತ್ತು.

ನಮ್ಮ ಅಡುಗೆಮನೆ ಬಾಗಿಲಿನಷ್ಟು ದೊಡ್ಡ ಹಾಳೆ. ಗೋಡೆಗೆ ಅಂಟಿಸಿ ನಿಂತೇ ಬರೆದೆ. ಇದ್ದಿಲ ಕಡ್ಡಿ ಪಟಪಟ ಮುರಿಯುತ್ತೆ, ಪುಡಿ ಮೂಗಿಗೆ ಹೋಗುತ್ತೆ, ಅಮ್ಮ ಒಗೆದ ಬಟ್ಟೆಯೆಲ್ಲ ಮತ್ತೆ ಒಗೆದಳು. ತಿರುಗೋ ಕುರ್ಚಿ, ಅದರ ಹರಿದ ಕೈಹಿಡಿ, ಕನ್ನಡಿಯ ಸಾಲು, ಮೂಲೆಯಲ್ಲಿ ನಿನ್ನ ರಿಪೇರಿ ಮೇಜು. ಆ ಮೇಜು ಇನ್ನೂ ಹಾಗೇ ಇದೆ ಗೊತ್ತಾ? ಒಂದು ಬಾಚಣಿಗೆ ಇಡೋಕೂ ಅಪ್ಪ ಬಿಡಲ್ಲ. ಕನ್ನಡಿ ಕೆಳಗೆ ಅಮ್ಮ ಇಟ್ಟ ಪುಟ್ಟ ಬುದ್ಧನ ಮೂರ್ತಿ ಇದೆಯಲ್ಲ, ಅದರ ಕಾಲ ಬುಡಕ್ಕೇ ಈಗ ಫೋನಲ್ಲಿ ದುಡ್ಡು ಕಟ್ಟೋ ಸ್ಕ್ಯಾನ್ ಚೀಟಿ ಅಂಟಿಸಿದ್ದಾರೆ, ಬೇರೆ ಕಡೆ ಜಾಗ ಇಲ್ಲ. ಬಂದವರೆಲ್ಲ ಬುದ್ಧನ ಮುಂದೆ ಬಗ್ಗಿ ಎರಡೂ ಕೈಯಲ್ಲಿ ಫೋನು ಹಿಡಿದು ನಿಲ್ತಾರೆ. ಒಬ್ಬನನ್ನು ಹಾಗೇ ಬರೆದೆ. ಬೆಂಚಿನ ಮೇಲಿನವರನ್ನೂ ಬರೆದೆ, ಎಲ್ಲರ ತಲೆಯೂ ಬಗ್ಗಿದೆ, ಎಲ್ಲರ ಹೆಬ್ಬೆರಳೂ ಓಡ್ತಿದೆ. ನಡುವೆ ನೀನು, ನಮಗೆ ಬೆನ್ನು ಮಾಡಿ, ಅರ್ಧ ತಲೆ ಗುಂಗುರು, ಅರ್ಧ ತಲೆ ಬೋಳು. ನಿನ್ನ ಬೋಳಿನ ಹೊಳಪನ್ನು ರಬ್ಬರಿನಿಂದ ಅಳಿಸಿ ಅಳಿಸಿಯೇ ತಂದೆ. ಕುತ್ತಿಗೆ ಮೇಲೆ ಆ ಕೂದಲಿನ ಚೂರುಗಳನ್ನು ಒಂದೊಂದಾಗಿ ಕುಟ್ಟಿ ಕುಟ್ಟಿ ಕೂರಿಸಿದೆ, ಮುಟ್ಟೋಕೆ ಬಿಡಲಿಲ್ಲವಲ್ಲ, ಬರೆಯೋಕಾದರೂ ಅಡ್ಡಿಯಿಲ್ಲ ತಾನೇ ಅಂತ.

ಕೆಟ್ಟಿದ್ದು ಒಂದೇ. ಕನ್ನಡಿಯಲ್ಲಿ ಅಪ್ಪನ ಮುಖ ಬರಬೇಕು. ಬರಲೇ ಇಲ್ಲ. ಬರೆದೆ, ಅಳಿಸಿದೆ, ಸಿಟ್ಟು ಹೆಚ್ಚಾಯ್ತು, ಅಳು ಹೆಚ್ಚಾಯ್ತು, ಹಾಳೆ ಜೂಲು ಎದ್ದು ಇನ್ನು ಇದ್ದಿಲು ಹಿಡಿಯಲ್ಲ ಅಂತು. ಅಲ್ಲೊಂದು ಬೂದುಬಣ್ಣದ ಮೋಡ ಉಳೀತು. ಹಾಗೇ ತಗೊಂಡು ಹೋಗಿ ಕೊಟ್ಟೆ. ಸಂಘದ ಕಾರ್ಯದರ್ಶಿ ಇದ್ದಾರಲ್ಲ, ನಿವೃತ್ತ ಮೇಷ್ಟ್ರು, ಕಿವಿ ತುಂಬ ಕೂದಲು, ಅವರು ಆ ಮೋಡದ ಮುಂದೆ ನಿಂತು ಕಣ್ಣು ಮುಚ್ಚಿಬಿಟ್ಟರು. ಶೂನ್ಯ! ಅಂದರು. ಕ್ಷೌರಿಕನಿಗೆ ಮುಖವಿಲ್ಲ, ಅಹಂ ಇಲ್ಲ, ಎಂಥ ಒಳನೋಟ ಅಂತ ಬಂದವರಿಗೆಲ್ಲ ವಿವರಿಸೋಕೆ ಶುರು ಮಾಡಿದರು. ಸಾರ್, ಅದು ನಮ್ಮಪ್ಪನ ಮುಖ, ನನಗೆ ಬರೆಯೋಕೆ ಬರಲಿಲ್ಲ ಅಷ್ಟೇ ಅಂದೆ. ಕಲಾವಿದರಿಗೆ ತಾವು ಮಾಡಿದ್ದು ತಮಗೇ ತಿಳಿದಿರಲ್ಲಮ್ಮ ಅಂದರು. ಸ್ಕ್ಯಾನ್ ಚೀಟಿಯ ಮುಂದೆ ಬಗ್ಗಿದವನನ್ನು ನೋಡಿ, ವ್ಯಂಗ್ಯ ಚಾಟಿಯಂತಿದೆ ಅಂದರು. ಯಾವ ವ್ಯಂಗ್ಯವೂ ಇಲ್ಲ ಸಾರ್, ಚೀಟಿ ಇರೋದೇ ಅಲ್ಲಿ ಅಂದೆ. ಅವರು ಕೇಳಿಸಿಕೊಂಡರೆ ತಾನೇ? ಹಣೆ ಹಣೆ ಚಚ್ಚಿಕೊಂಡೆ. ನಿನ್ನನ್ನು ಬಲ್ಲವರು, ಅಪ್ಪನನ್ನು ಬಲ್ಲವರು ಒಬ್ಬರೂ ಇಲ್ಲದ ಕಡೆ ನಿಮ್ಮಿಬ್ಬರನ್ನೂ ನೇತುಹಾಕಿ ಬಂದ ಹಾಗಾಯ್ತು. ಚಿತ್ರಕ್ಕೆ ಗಾಜು ಹಾಕಿಸ್ತೀವಿ ಅಂದಿದ್ದರು, ಗಾಜಿನವನು ಅಳತೆ ತಪ್ಪಿ ಚಿಕ್ಕದು ಕತ್ತರಿಸಿದ್ದ. ಪುಡಿ ಉದುರದ ಹಾಗೆ ಹೊಡೆಯೋ ಸ್ಪ್ರೇ ನಾನು ಹೊಡೆದಿರಲಿಲ್ಲ, ಅದು ಕಪ್ಪನ್ನು ಮಂಕು ಮಾಡುತ್ತೆ ಅಂತ ನನ್ನ ಹಠ. ಬರಿ ಹಾಳೆ, ಮುಂದೆ ಒಂದು ಹಗ್ಗ, ಮುಟ್ಟಬೇಡಿ ಅನ್ನೋ ಬೋರ್ಡು.

ಅಪ್ಪನನ್ನು ಅಲ್ಲಿಗೆ ಕರೆತರೋದು ಹೇಗೆ? ಕೇಳಿದಾಗೆಲ್ಲ ಅಂಗಡಿ ಇದೆ ಅಂತ ಒಂದೇ ಮಾತು. ಅಂಗಡಿಗೆ ರಜಾ ಇದ್ದ ದಿನ ಮೈಗೆ ಹುಷಾರಿಲ್ಲ ಅಂದರು. ಕೊನೆಗೆ ಅಮ್ಮ ತಂತ್ರ ಹೂಡಿದಳು, ಮುಖ ನೋಡಿದರೆ ಯಾರೂ ನಂಬಲ್ಲ. ಕಾರ್ಯದರ್ಶಿಗಳು ಸಮಾರಂಭದ ಮುಂಚೆ ಕೂದಲು ಟ್ರಿಮ್ ಮಾಡಿಸಬೇಕಂತೆ, ಪ್ರದರ್ಶನದ ಹಾಲಿಗೇ ಬರಬೇಕಂತೆ ಅಂದಳು. ಕೆಲಸ ಅಂದಮೇಲೆ ಅಪ್ಪ ಇಲ್ಲ ಅಂತಾರಾ? ಕತ್ತರಿ ಚೀಲ ಹಿಡಿದು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ನೆಟ್ಟಗೆ ಬಂದರು. ಬಂದು ಮೇಷ್ಟ್ರ ಕಿವಿ ನೋಡಿ, ಹೌದು ಬೇಕೇಬೇಕು ಅಂತ ತಲೆ ಆಡಿಸಿದರು. ಅಷ್ಟರಲ್ಲಿ ನಾನು ಕೈ ಹಿಡಿದು ಚಿತ್ರದ ಮುಂದೆ ನಿಲ್ಲಿಸಿಬಿಟ್ಟೆ.

ಅಪ್ಪ ಕುರ್ಚಿ ನೋಡಿದರು. ಕನ್ನಡಿ ನೋಡಿದರು, ಆ ಮೋಡವನ್ನೂ ನೋಡಿದರು. ನಿನ್ನ ರಿಪೇರಿ ಮೇಜಿನ ಹತ್ತಿರ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ನಿನ್ನ ಬೆನ್ನು, ಅರ್ಧ ಬೋಳಾದ ತಲೆ, ಕುತ್ತಿಗೆ. ಈಗ ಬೈತಾರೆ, ಈಗ ಏನಾದರೂ ಅಂತಾರೆ ಅಂತ ನಾನು ಕಾಯ್ತಾ ನಿಂತಿದ್ದೆ. ಅವರು ಹಗ್ಗದ ಮೇಲಿಂದ ಬಗ್ಗಿದರು. ಚಿತ್ರಕ್ಕೆ ಮುಖ ಹತ್ತಿರ ತಂದು, ಕುತ್ತಿಗೆ ಮೇಲೆ ಫೂ ಅಂತ ಊದಿದರು. ನಾನು ಅಪ್ಪಾ ಅನ್ನೋಷ್ಟರಲ್ಲಿ ಹೆಗಲಿಂದ ಟವೆಲ್ ಕೈಗೆ ಬಂತು. ಒಂದು ಕೈ ಕುತ್ತಿಗೆಯ ಬುಡಕ್ಕೆ ಒತ್ತಿ, ಎರಡು ಸಲ ಕೊಡವಿದರು. ಪಟ್, ಪಟ್. ಅಷ್ಟೇ.

ಅಪ್ಪನ ಆ ಚಾಳಿ ನಿನಗೆ ಗೊತ್ತಿಲ್ಲದ್ದಾ? ಯಾರದೇ ತಲೆ ಮಾಡಲಿ, ಕೊನೆಗೆ ಕುತ್ತಿಗೆ ಊದಿ, ಟವೆಲಿಂದ ಕೊಡವಿ, ಭುಜ ತಟ್ಟಿ ಹೂಂ ಆಯ್ತು ಅನ್ನೋವರೆಗೆ ಕುರ್ಚಿಯಿಂದ ಏಳೋಕೆ ಬಿಡಲ್ಲ. ಬಸ್ಸು ಹೊರಟಿತು ಅಂತ ಎದ್ದು ಓಡಿದವನ ಹಿಂದೆ ನಡುಬೀದಿಯವರೆಗೆ ಟವೆಲ್ ಬೀಸಿಕೊಂಡು ಓಡಿದವರು. ಅದೇ ಚಾಳಿ ಚಿತ್ರದ ಮೇಲೆ ತೋರಿಸಿದರು. ನಾನು ರಾತ್ರಿಯೆಲ್ಲ ನಿದ್ದೆಗೆಟ್ಟು ಬರೆದ ಕುತ್ತಿಗೆ ಒಂದೇ ಏಟಿಗೆ ಹೋಯ್ತು. ಕೂದಲಿನ ಚೂರೆಲ್ಲ ಕಪ್ಪು ಮಸಿಯಾಗಿ ಕಿವಿಯಿಂದ ಭುಜದವರೆಗೆ ಹರಡಿಕೊಂಡಿತು. ಹಾಲಿನಲ್ಲಿ ಯಾರೋ ಅಯ್ಯಯ್ಯೋ ಅಂದರು, ಮೇಷ್ಟ್ರು ಹಿಡೀರಿ ಅವರನ್ನ ಅಂತ ಕಳ್ಳ ಸಿಕ್ಕ ಹಾಗೆ ಕಿರುಚಿದರು. ಭುಜ ತಟ್ಟೋಕೆ ಎತ್ತಿದ್ದ ಅಪ್ಪನ ಕೈ ಹಾಗೇ ನಿಂತುಬಿಟ್ಟಿತು. ಟವೆಲ್ ಕರ್ರಗಾಗಿತ್ತು. ಬೆರಳೂ. ಅವರು ಆ ಬೆರಳುಗಳನ್ನು ನೋಡಿಕೊಂಡರು, ನನ್ನನ್ನು ನೋಡಿದರು, ಕತ್ತರಿ ಚೀಲ ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಹೋದರು. ನಾನು ಹಿಂದಿನಿಂದ ಏನೇನೋ ಕೂಗಿದೆ. ಒಂದು ಮಾತು ಆಡಿ ಅಂತ ತಂದರೆ ಇದ್ದಿದ್ದನ್ನೂ ಹಾಳು ಮಾಡಿದಿರಿ, ಅವನನ್ನು ಕಂಡರೆ ಅಷ್ಟು ಆಗಲ್ವಾ ನಿಮಗೆ ಅಂತ ಕೂಗಿದೆ. ಜನ ನೋಡ್ತಿದ್ದರು. ನೋಡಲಿ.

ಇಷ್ಟಕ್ಕೇ ಮುಗಿದಿದ್ದರೆ ನನ್ನ ಪಿತ್ತ ಇಷ್ಟು ಕೆರಳುತ್ತಿರಲಿಲ್ಲ. ಮಾರನೇ ದಿನ ಸಮಾರಂಭದಲ್ಲಿ ಮೇಷ್ಟ್ರು ಮೈಕು ಹಿಡಿದು, ಈ ಕೃತಿಯನ್ನು ಅದರ ನಾಯಕನೇ ಬಂದು ಅರ್ಧ ಅಳಿಸಿ ಹೋದ, ಅನಿತ್ಯ ಅಂದರೆ ಇದೇ ಅಂತ ಭಾಷಣ ಬಿಗಿದರು. ಹಿಂದಿನ ದಿನ ಹಿಡೀರಿ ಅಂತ ಕಿರುಚಿದ್ದು ಅದೇ ಬಾಯಿ! ನನಗೆ ಸಮಾಧಾನಕರ ಬಹುಮಾನ. ವೇದಿಕೆ ಮೇಲೆ ಹಾರ ಹಾಕಿಸಿಕೊಂಡು ನಿಂತಾಗ ನನಗೆ ನಿನ್ನ ಕಾಗದವೇ ಕಿವಿಯಲ್ಲಿ ಕೇಳಿಸ್ತಿತ್ತು. ಅನಿತ್ಯ, ಅನಿತ್ಯ. ಅವರೂ ಅದನ್ನೇ ಅಂತಾರೆ, ನೀನೂ ಅದನ್ನೇ ಅಂತೀಯ. ಎಲ್ಲಿ ಏನು ಹರಿದರೂ ಆ ಒಂದು ಮಾತು ತಂದು ತೇಪೆ ಹಾಕಿಬಿಟ್ಟರೆ ಹೊಲಿಯೋ ಕಷ್ಟವೇ ಇಲ್ಲವಲ್ಲ! ಬುದ್ಧ ಇದಕ್ಕೆ ಅಂತ ಹೇಳಿದ್ದನೇನೋ ಅದನ್ನ? ನೀನು ಓದಿದವನು, ನೀನೇ ಹೇಳು. ನನಗೆ ಗೊತ್ತಿರೋದು ಇಷ್ಟೇ, ಹೋಗಿಬಿಡೋ ವಸ್ತು ಅಂತ ಗೊತ್ತಿದ್ದರೆ ಇರೋವಾಗಲೇ ಬಂದು ಮುಟ್ಟಬೇಕು. ಅಪ್ಪನ ಕೋಪ ಅನಿತ್ಯ ಅಂತೀಯಲ್ಲ, ಅಪ್ಪ ಏನು ನಿತ್ಯವಾ?

ಸಿಟ್ಟಲ್ಲಿ ಬರೆದುಬಿಟ್ಟೆ, ಹೊಡೆದುಹಾಕಲ್ಲ, ಹಾಗೇ ಇರಲಿ.

ಚಿತ್ರ ಈಗ ಮನೆಯಲ್ಲಿದೆ. ಮೇಷ್ಟ್ರು ಆ ಮಸಿಯನ್ನು ಅಳಿಸಿ ಸರಿ ಮಾಡಬೇಡಿ, ಹಾಗೇ ಫ್ರೇಮ್ ಹಾಕಿಸಿ ಅಂದಿದ್ದಾರೆ, ಅದಕ್ಕೇ ನನಗೆ ಅಳಿಸಿಬಿಡೋಣ ಅನ್ನಿಸುತ್ತೆ. ರಬ್ಬರು ಹಿಡಿದು ಕೂತೆ ಕೂಡ. ಹತ್ತಿರದಿಂದ ನೋಡಿದರೆ ಆ ಮಸಿಯ ಕೊನೆಯಲ್ಲಿ ಅಪ್ಪನ ಬೆರಳುಗಳ ಗುರುತು ಇದೆ, ನಿನ್ನ ಕುತ್ತಿಗೆಯ ಬುಡದಲ್ಲಿ, ಒತ್ತಿ ಇಟ್ಟ ಹಾಗೆ. ಕೈ ಬರಲಿಲ್ಲ. ರಬ್ಬರು ಎಸೆದು, ಚಿತ್ರವನ್ನು ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿ ಮಲಗಿದೆ. ಬೆಳಿಗ್ಗೆ ಎದ್ದರೆ ಈ ಕಡೆಗೆ ತಿರುಗಿತ್ತು. ಅಮ್ಮನನ್ನು ಕೇಳಿದರೆ ನಾನ್ಯಾಕೆ ಮುಟ್ಟಲಿ ಅಂತಾಳೆ. ಮತ್ತೆ ಗೋಡೆ ಕಡೆ ತಿರುಗಿಸಿದೆ. ಸಂಜೆ ಕೆಲಸದಿಂದ ಬಂದರೆ ಮತ್ತೆ ಈ ಕಡೆ. ಅಪ್ಪ ನನ್ನ ಹತ್ತಿರವೂ ಈಗ ಸರಿಯಾಗಿ ಮಾತಾಡ್ತಿಲ್ಲ. ಆ ಟವೆಲನ್ನು ಒಗೆಯೋಕೆ ಹಾಕಿಲ್ಲ, ಅಮ್ಮ ಕೇಳಿದ್ದಕ್ಕೆ ಇರಲಿ ಬಿಡು ಅಂದರಂತೆ. ಹಾಗೇ ಹೆಗಲ ಮೇಲೆ ಹಾಕಿಕೊಂಡು ಓಡಾಡ್ತಾರೆ, ಬಿಳಿ ಅಂಗಿಗೆಲ್ಲ ಕಪ್ಪು. ಗಿರಾಕಿಗಳು ಏನಂದುಕೊಳ್ತಾರೆ ಅಂತ ಅಮ್ಮನ ಗೊಣಗು. ಯಾಕಪ್ಪಾ ಹಾಗೆ ಮಾಡಿದಿರಿ ಅಂತ ನಿಧಾನವಾಗಿ ಕೇಳಿದೆ, ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟುಬಿಟ್ಟರು.

ಸಾಕಾಗಿದೆ ಕಣೋ. ನಿಜವಾಗಲೂ ಸಾಕಾಗಿದೆ. ನಾನು ಇನ್ನು ಈ ವಿಷಯದಲ್ಲಿ ಮೂಗು ತೂರಿಸಲ್ಲ. ನೀನುಂಟು ನಿಮ್ಮಪ್ಪ ಉಂಟು. ನೀನು ಬರಬೇಕು ಅಂತ ಇನ್ನೊಂದು ಸಲ ಬರೆಯಲ್ಲ. ಬರದಿದ್ದರೆ ಇದ್ದೇ ಇದೆಯಲ್ಲ ಹಾಳೆ, ಇದ್ದಿಲು. ಮುಂದಿನ ಸಲ ಅಪ್ಪನನ್ನೇ ಕುರ್ಚಿ ಮೇಲೆ ಕೂರಿಸಿ ಬರೀತೀನಿ, ಮುಖ ಬರುತ್ತೋ ಇಲ್ಲವೋ ಯಾರಿಗೆ ಗೊತ್ತು.

ಕಾಲುಚೀಲ ಹಾಕ್ಕೋ. ಮಂಡಿಗೆ ಬಿಸಿ ಶಾಖ ಕೊಡು. ನಿನ್ನ ಗುರುಗಳಿಗೆ ನನ್ನ ನಮಸ್ಕಾರ ತಿಳಿಸು, ಅವರಿಗೆ ನನ್ನ ಸಿಟ್ಟು ತಿಳಿಸಬೇಡ. ಅಮ್ಮ ನಿನಗೆ ಕೈಮುಗಿದಿದ್ದೀನಿ ಅಂತ ಬರೀ ಅಂತಾಳೆ, ನಾನು ಹಾಗೆ ಬರೆಯಲ್ಲ. ಅಮ್ಮ ನಿನ್ನ ತಲೆ ನೇವರಿಸಿದ್ದಾಳೆ ಅಂತ ಬರೀತೀನಿ. ಕಾಗದದಲ್ಲಿ ಮುಟ್ಟಿದರೆ ಯಾವ ನಿಯಮವೂ ಮುರಿಯಲ್ಲ ತಾನೇ?

ಮುನಿಸಿಕೊಂಡಿರುವ,
ನಿನ್ನ ಅಕ್ಕ

ನಿಲ್ಲು, ಇನ್ನೊಂದು. ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಅಪ್ಪ ಬಂದು ಬಾಗಿಲಲ್ಲಿ ನಿಂತರು. ಅವನಿಗಾ ಅಂದರು. ಹೂಂ ಅಂದೆ. ಟವೆಲ್ ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಅಲ್ಲಿ ತಲೆ ಯಾರು ಮಾಡ್ತಾರೆ ಅಂತ ಕೇಳಿದರು. ಅವರವರೇ ಒಬ್ಬರಿಗೊಬ್ಬರು ಬೋಳಿಸಿಕೊಳ್ತಾರಂತೆ ಅಂದೆ. ಆಮೇಲೆ ಕುತ್ತಿಗೆ ಕೊಡವುತ್ತಾರಾ ಅಂದರು. ನನಗೇನು ಗೊತ್ತಪ್ಪಾ ಅಂದೆ. ಆಮೇಲೆ ಅಂದರು, ಅವತ್ತು ನಾನು ಕೊಡವಲಿಲ್ಲ, ಹಾಗೇ ಹೊರಟುಹೋದೆ, ಗುಂಗುರುಗೆ ದಿನವೆಲ್ಲ ಚುಚ್ಚಿರುತ್ತೆ ಅಂತ. ಗುಂಗುರು ಅಂದರು ಕಣೋ! ಅಮ್ಮ ಬಟಾಣಿ ಸುಲಿಯೋದು ನಿಲ್ಲಿಸಿಬಿಟ್ಟಿದ್ದಾಳೆ. ಆ ಕೆಲಸ ಇನ್ನೂ ಮುಗಿದಿಲ್ಲ, ಬಂದರೆ ಮುಗಿಸಿಕೊಡ್ತೀನಿ, ಕಾಲಿಗೆ ಮಾತ್ರ ಬೀಳಲ್ಲ, ಮೊದಲೇ ಹೇಳಿರು ಅಂದರು. ಈಗ ಅಂಗಡಿ ಬೀಗದ ಕೈ ತಗೊಂಡು ಹೊರಟಿದ್ದಾರೆ, ಭಾನುವಾರದ ಗಿರಾಕಿ ಮುಗಿಸಿ ಆಗಲೇ ಬೀಗ ಹಾಕಿ ಬಂದವರು, ಕುರ್ಚಿ ಒರೆಸೋಕಂತೆ. ನನಗೆ ಉತ್ತರ ಬರೀಬೇಡ. ಬಾ, ಬಂದು ಕುತ್ತಿಗೆ ಬಗ್ಗಿಸಿ ಕೂತ್ಕೋ.